ಕಿಡ್ನಿ ರೋಗಿಗೂ ಒಂದು ಲಸಿಕೆ ಕಾರ್ಡ್ ಬೇಕು

ನಮ್ಮ ಭಾಲ್ಕಿಯಲ್ಲಿ ಪೋಲಿಯೋ ಭಾನುವಾರ ಬಂತೆಂದರೆ ಯಾರನ್ನೂ ಒತ್ತಾಯ ಮಾಡಬೇಕಾಗಿಲ್ಲ. ಅಮ್ಮಂದಿರು ಮಗುವನ್ನು ಎತ್ತಿಕೊಂಡು ಬೂತಿಗೆ ಬರ್ತಾರೆ, ಎರಡು ಹನಿ ಹಾಕಿಸ್ತಾರೆ, ಮಗುವಿನ ಕಿರುಬೆರಳಿಗೆ ಗುರುತು ಹಚ್ಚಿಸಿಕೊಂಡು ಹೋಗ್ತಾರೆ. ಕನ್ನಡ ಮಾತಾಡೋ ಮನೆ, ಮರಾಠಿ ಮಾತಾಡೋ ಮನೆ, ಉರ್ದು ಮಾತಾಡೋ ಮನೆ ಅಂತ ಇದರಲ್ಲಿ ಭೇದ ಇಲ್ಲ. 2014ರ ಮಾರ್ಚ್ 27ರಂದು ಭಾರತ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿದ್ದು ಇಂಥ ಸಾವಿರಾರು ಊರುಗಳ ಅಮ್ಮಂದಿರಿಂದ. ಹಾಗಾಗಿ ನಮ್ಮ ಕಡೆಯ ಜನ ಲಸಿಕೆ ಅಂದ್ರೆ ಹೆದರ್ತಾರೆ ಅಂತ ಯಾರಾದರೂ ಹೇಳಿದರೆ ನಾವು ಒಪ್ಪೋದಿಲ್ಲ.

ಆದರೆ ಅದೇ ಮನೆಯಲ್ಲಿ ಕಿಡ್ನಿ ತೊಂದರೆ ಇರೋ ಮುತ್ಯಾ ಇದ್ದಾರೆ ಅಂದ್ಕೊಳ್ಳಿ. ಅಥವಾ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗೋ ಕಾಕಾ. ಅವರಿಗೆ ಲಸಿಕೆ ಹಾಕಿಸಿದೀರಾ ಅಂತ ಕೇಳಿದರೆ ಮನೆಯವರೆಲ್ಲ ಮುಖ ಮುಖ ನೋಡ್ತಾರೆ. ಮೊಮ್ಮಗನಿಗೆ ಯಾವ ತಿಂಗಳು ಯಾವ ಸೂಜಿ ಅಂತ ಬಾಯಿಪಾಠ ಇರೋ ಮನೆಯಲ್ಲಿ, ಸೋಂಕಿನಿಂದ ಅತಿ ಹೆಚ್ಚು ಅಪಾಯ ಇರೋ ಮನುಷ್ಯನಿಗೆ ಯಾವ ಲಸಿಕೆ ಬೇಕು ಅನ್ನೋದೇ ಗೊತ್ತಿಲ್ಲ. ಕೇಳಿದ್ರೆ ಬರೋ ಉತ್ತರ ಒಂದೇ: ‘ಬ್ಯಾಡ.’

ಈ ‘ಬ್ಯಾಡ’ ಎಲ್ಲಿಂದ ಬರ್ತಾ ಇದೆ ಅನ್ನೋದು ನಮ್ಮ ಪ್ರಶ್ನೆ. ನಮ್ಮ ಕನ್ನಡ ಬಳಗದ ನಾಲ್ಕು ಜನ ರಜೆಯಲ್ಲಿ ಊರಿಗೆ ಹೋದಾಗ ನಮ್ಮ ನಮ್ಮ ಮನೆ, ನೆಂಟರು, ಓಣಿಯಲ್ಲಿರೋ ಕಿಡ್ನಿ ರೋಗಿಗಳನ್ನು ಮಾತಾಡಿಸಿದೆವು. ಇದನ್ನು ಸರ್ವೇ ಅಂತ ಕರೆಯೋದಿಲ್ಲ. ಚಹಾ ಕುಡೀತಾ ಆಡಿದ ಮಾತು ಅಷ್ಟೇ. ಆದರೂ ನಾಲ್ಕು ಉತ್ತರಗಳು ಮತ್ತೆ ಮತ್ತೆ ಕೇಳಿ ಬಂದವು.

ಒಂದು: ‘ವಾರಕ್ಕ ಎಷ್ಟು ಸಲ ಚುಚ್ಚಿಸ್ಕೋಬೇಕರಿ? ಅದರ ಮ್ಯಾಲ ಇದೊಂದು ಬ್ಯಾರೆ?’ ಎರಡು: ‘ಕಿಡ್ನಿನೇ ಹೋಗ್ಯಾವ, ಇನ್ನ ಟೀಕಾ ತಗೊಂಡು ಏನ್ ಮಾಡಾದು?’ ಮೂರು: ‘ಇರೋ ಸ್ವಲ್ಪ ಕಿಡ್ನಿನೂ ಸೂಜಿಯಿಂದ ಖರಾಬ್ ಆದ್ರ?’ ನಾಲ್ಕು, ಎಲ್ಲಕ್ಕಿಂತ ಹೆಚ್ಚು ಕೇಳಿದ್ದು: ‘ಡಾಕ್ಟರ್ ಏನೂ ಹೇಳಿಲ್ಲ. ಹೇಳಿದ್ರ ತಗೋತಿದ್ದೆ.’

ಮೊದಲ ಮೂರು ಉತ್ತರ ಕೇಳಿದವರು ಇದು ಅಜ್ಞಾನ ಅಂದುಬಿಡ್ತಾರೆ. ನಮಗೆ ಹಾಗನ್ನಿಸಲಿಲ್ಲ. ಅವು ಮೂರೂ ನ್ಯಾಯವಾದ ಪ್ರಶ್ನೆಗಳು, ಉತ್ತರ ಕೊಡೋರು ಸಿಗದೆ ‘ಬ್ಯಾಡ’ ಆಗಿ ಗಟ್ಟಿಯಾಗಿವೆ. ನಾಲ್ಕನೆಯದರಲ್ಲಿ ಕಾರಣ ಇದೆ.

ಮೊದಲು ವಿಷಯ ಏನು ಅಂತ ನೋಡೋಣ. ನಮ್ಮ ಕಡೆ ಕಿಡ್ನಿ ಕಾಯಿಲೆಯ ದೊಡ್ಡ ಕಾರಣಗಳು ಶುಗರ್ ಮತ್ತು ಬಿಪಿ. ಇವು ವರ್ಷಗಟ್ಟಲೆ ಸದ್ದಿಲ್ಲದೆ ಕಿಡ್ನಿಯನ್ನು ತಿನ್ನುತ್ತವೆ. ರಕ್ತದ ಕ್ರಿಯಾಟಿನಿನ್ ನೋಡಿ ಲೆಕ್ಕ ಹಾಕುವ ಇಜಿಎಫ್‌ಆರ್ ಅನ್ನೋ ಸಂಖ್ಯೆ ಮೂರು ತಿಂಗಳಿಗಿಂತ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. 30ಕ್ಕಿಂತ ಕೆಳಗಿಳಿದರೆ ನಾಲ್ಕನೇ ಹಂತ, 15ಕ್ಕಿಂತ ಕೆಳಗಾದರೆ ಐದನೇ ಹಂತ. ಆಮೇಲೆ ಡಯಾಲಿಸಿಸ್ ಅಥವಾ ಕಸಿ. ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಉಳಿಯೋ ಕಲ್ಮಶ ದೇಹದ ರೋಗನಿರೋಧಕ ಶಕ್ತಿಯನ್ನೂ ಮಂಕು ಮಾಡುತ್ತದೆ. ಡಯಾಲಿಸಿಸ್ ರೋಗಿಗಳ ಸಾವಿಗೆ ಹೃದಯದ ಕಾಯಿಲೆ ಬಿಟ್ಟರೆ ಮುಖ್ಯ ಕಾರಣ ಸೋಂಕು. ಅದಕ್ಕೇ ಇವರಿಗೆ ಹೆಪಟೈಟಿಸ್ ಬಿ ಲಸಿಕೆ, ಪ್ರತಿ ವರ್ಷ ಫ್ಲೂ ಲಸಿಕೆ, ನ್ಯುಮೋನಿಯಾ ತಡೆಯೋ ನ್ಯುಮೊಕಾಕಲ್ ಲಸಿಕೆ ಕೊಡಬೇಕು ಅಂತ ವೈದ್ಯಲೋಕ ಬಹಳ ಹಿಂದೆಯೇ ಹೇಳಿದೆ.

ಇದರಲ್ಲಿ ಹೆಪಟೈಟಿಸ್ ಬಿ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಇದು ರಕ್ತದಿಂದ ಹರಡುವ ವೈರಸ್, ಲಿವರ್ ಕೆಡಿಸುತ್ತದೆ. ಒಣಗಿದ ರಕ್ತದ ಕಲೆಯಲ್ಲೂ ಕನಿಷ್ಠ ಏಳು ದಿನ ಜೀವಂತ ಇರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಡಯಾಲಿಸಿಸ್ ಕೋಣೆ ಅಂದರೆ ಒಂದೇ ದಿನ ಹಲವರ ರಕ್ತ ಹೊರಗೆ ಬಂದು ಒಳಗೆ ಹೋಗೋ ಜಾಗ. 1969–70ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಒಂದು ಡಯಾಲಿಸಿಸ್ ಘಟಕಕ್ಕೆ ಈ ಸೋಂಕು ಹೊಕ್ಕಿತು. ರೋಗಿಗಳ ಜೊತೆ ಆಸ್ಪತ್ರೆಯ ಸಿಬ್ಬಂದಿಯೂ ಸತ್ತರು. ಆಗ ಲಸಿಕೆ ಇರಲಿಲ್ಲ. ಇವತ್ತೂ ಹೆಪಟೈಟಿಸ್ ಬಿ ಇರುವವರಿಗೆ ಬೇರೆ ಮಷೀನ್ ಇಡೋದು ಇದೇ ಕಾರಣಕ್ಕೆ. ಬೇರೆ ಮಷೀನ್ ಅಂದರೆ ಬೇರೆ ಪಾಳಿ, ಬೇರೆ ಕಾಯುವಿಕೆ, ಕೆಲವೊಮ್ಮೆ ಬೇರೆ ಊರು. ಲಸಿಕೆಯಿಂದ ತಪ್ಪಿಸಬಹುದಾದ ತಾಪತ್ರಯ ಇದು.

ಲಸಿಕೆ ಬಂದದ್ದೂ ನಮ್ಮ ಪಕ್ಕದಿಂದಲೇ. ಮೊದಲು ಇದು ವಿದೇಶದಿಂದ ಬರ್ತಿತ್ತು, ಸಾಮಾನ್ಯರ ಕೈಗೆಟುಕೋ ಬೆಲೆ ಅಲ್ಲ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ‘ಶಾನ್‌ವ್ಯಾಕ್-ಬಿ’ ಹೆಸರಿನಲ್ಲಿ ಭಾರತದ ಮೊದಲ ರಿಕಾಂಬಿನಂಟ್ ಹೆಪಟೈಟಿಸ್ ಬಿ ಲಸಿಕೆ ಹೊರತಂದಿತು, ಬೆಲೆ ಧಡ್ ಅಂತ ಇಳೀತು. ನಮ್ಮೂರಿನವರು ಕಿಡ್ನಿ ತೋರಿಸೋಕೆ ರೈಲು ಹತ್ತಿ ಹೋಗೋ ಅದೇ ಹೈದರಾಬಾದು. ಆದರೆ ಸರ್ಕಾರದ ಮಕ್ಕಳ ಲಸಿಕೆ ಕಾರ್ಯಕ್ರಮಕ್ಕೆ ಇದು ಸೇರಿದ್ದು 2002ರ ಹೊತ್ತಿಗೆ, ಅದೂ ಕೆಲವೇ ಕಡೆ ಪ್ರಾಯೋಗಿಕವಾಗಿ; ದೇಶದ ತುಂಬ ಹಬ್ಬಿದ್ದು 2011ಕ್ಕೆ. ಅಂದರೆ ನಮ್ಮ ಅಪ್ಪ-ಅಮ್ಮ, ಮುತ್ಯಾ, ಆಯಿಯರ ಪೀಳಿಗೆಗೆ ಚಿಕ್ಕಂದಿನಲ್ಲಿ ಈ ಲಸಿಕೆ ಸಿಕ್ಕೇ ಇಲ್ಲ. ಈಗ ಶುಗರ್, ಬಿಪಿ ಬಂದು ಕಿಡ್ನಿ ಸೋಲ್ತಾ ಇರೋದೂ ಅದೇ ಪೀಳಿಗೆಗೆ.

ಈಗ ಆ ಮೂರು ಪ್ರಶ್ನೆಗಳಿಗೆ ಬರೋಣ.

‘ಎಷ್ಟು ಸಲ ಚುಚ್ಚಿಸ್ಕೋಬೇಕು?’ ಲೆಕ್ಕ ಹಾಕಿದೆವು. ವಾರಕ್ಕೆ ಎರಡು ಡಯಾಲಿಸಿಸ್, ಪ್ರತಿ ಸಲ ಕೈಯಲ್ಲಿ ಎರಡು ದಪ್ಪ ಸೂಜಿ, ವರ್ಷಕ್ಕೆ 52 ವಾರ: ಒಟ್ಟು 208. ವಾರಕ್ಕೆ ಮೂರು ಸಲ ಹೋಗೋರಿಗೆ 312. ಪ್ರತಿ ಸಲ ಸುಮಾರು ನಾಲ್ಕು ಗಂಟೆ ಅಲ್ಲಾಡದೆ ಮಲಗಿರಬೇಕು. ಇಷ್ಟು ಅನುಭವಿಸೋ ಮನುಷ್ಯ ಇನ್ನೊಂದು ಸೂಜಿ ಅಂದಾಗ ಸಿಡುಕಿದರೆ ಅದರಲ್ಲಿ ತಪ್ಪೇನಿದೆ? ಆದರೆ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. 208ರ ಪಕ್ಕದಲ್ಲಿ ಹೆಪಟೈಟಿಸ್ ಬಿ ಸರದಿಗೆ ನಾಲ್ಕು ಭೇಟಿ, ಫ್ಲೂಗೆ ವರ್ಷಕ್ಕೊಂದು. ಹೇಗೂ ಬಂದು ಮಲಗಿರೋ ದಿನವೇ ಅಲ್ಲೇ ಕೊಟ್ಟರೆ ಬೇರೆ ಓಡಾಟ ಇಲ್ಲ, ದಿನಗೂಲಿ ಹೋಗೋದಿಲ್ಲ. ಇನ್ನೊಂದು ಮಾತು ನೆನಪಿರಲಿ: ಫಿಸ್ಟುಲಾ ಮಾಡಿದ ಕೈಗೆ ಲಸಿಕೆ ಚುಚ್ಚಬಾರದು, ಇನ್ನೊಂದು ಕೈಯ ತೋಳಿಗೆ ಚುಚ್ಚಬೇಕು. ‘ಫಿಸ್ಟುಲಾ ಕೈ ಹಾಳಾಗ್ತದ’ ಅಂತ ಒಬ್ಬರು ಹೆದರಿದ್ದರು. ಆ ಹೆದರಿಕೆಗೆ ಅರ್ಥ ಇದೆ, ಉತ್ತರವೂ ಒಂದೇ ವಾಕ್ಯದ್ದು. ಆ ವಾಕ್ಯವನ್ನು ಅವರಿಗೆ ಯಾರೂ ಹೇಳಿರಲಿಲ್ಲ.

‘ಕಿಡ್ನಿನೇ ಹೋಗ್ಯಾವ, ಇನ್ನ ಯಾಕ?’ ಈ ಪ್ರಶ್ನೆಯಲ್ಲಿ ಅರ್ಧ ಸತ್ಯ ಇದೆ, ಅದನ್ನು ಮುಚ್ಚಿಡಬಾರದು. ಆರೋಗ್ಯವಂತ ವಯಸ್ಕರಲ್ಲಿ 100ಕ್ಕೆ 90ಕ್ಕೂ ಹೆಚ್ಚು ಜನರಿಗೆ ಹೆಪಟೈಟಿಸ್ ಬಿ ಲಸಿಕೆ ರಕ್ಷಣೆ ಕೊಡುತ್ತದೆ. ಡಯಾಲಿಸಿಸ್ ಶುರುವಾದವರಲ್ಲಿ ಇದು 50ರಿಂದ 70ರ ಆಸುಪಾಸಿಗೆ ಇಳಿಯುತ್ತದೆ. ಅದಕ್ಕೇ ಅವರಿಗೆ ಡೋಸ್ ಬೇರೆ. ಸಾಮಾನ್ಯ ವಯಸ್ಕರಿಗೆ 20 ಮೈಕ್ರೋಗ್ರಾಂನ ಮೂರು ಡೋಸ್. ಡಯಾಲಿಸಿಸ್ ರೋಗಿಗೆ ಸಾಮಾನ್ಯವಾಗಿ 40 ಮೈಕ್ರೋಗ್ರಾಂ, ಅದೂ 0, 1, 2, 6ನೇ ತಿಂಗಳು ಅಂತ ನಾಲ್ಕು ಸಲ. ನಮ್ಮ ಎಲೆಕ್ಟ್ರಾನಿಕ್ಸ್ ಗೆಳೆಯ ಇದನ್ನು ಕೇಳಿದ ಕೂಡಲೇ, ‘ರಿಸೀವರ್ ವೀಕ್ ಇದ್ರೆ ಸಿಗ್ನಲ್ ಜಾಸ್ತಿ ಮಾಡ್ಬೇಕಲ್ಲ’ ಅಂದ. ಸರಿಯಾಗೇ ಹೇಳಿದ. ಸಿಗ್ನಲ್ ಮುಟ್ಟಿತೋ ಇಲ್ಲವೋ ನೋಡೋಕೂ ದಾರಿ ಇದೆ: ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಅಂತ ಪರೀಕ್ಷೆ. 10ಕ್ಕಿಂತ ಕಡಿಮೆ ಬಂದರೆ ಮತ್ತೆ ಕೊಡ್ತಾರೆ. ಡಯಾಲಿಸಿಸ್‌ನಲ್ಲಿ ಇರುವವರು ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿಕೊಳ್ತಾ ಇರಬೇಕು.

ಇಲ್ಲೇ ನಮ್ಮ ವಾದದ ಮುಖ್ಯ ಭಾಗ ಇರೋದು. ಕಿಡ್ನಿ ಇನ್ನೂ ಸ್ವಲ್ಪ ಕೆಲಸ ಮಾಡ್ತಿರುವಾಗಲೇ ಲಸಿಕೆ ಕೊಟ್ಟರೆ ಅದು ಹೆಚ್ಚು ಚೆನ್ನಾಗಿ ಹತ್ತುತ್ತದೆ. ಕಿಡ್ನಿ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿ 2012ರಲ್ಲೇ ಇದನ್ನು ಬರೆದಿದೆ: ಇಜಿಎಫ್‌ಆರ್ 30ಕ್ಕಿಂತ ಇಳಿದು ಕಾಯಿಲೆ ಮುಂದುವರಿಯೋ ಅಪಾಯ ಇರುವವರಿಗೆ ಹೆಪಟೈಟಿಸ್ ಬಿ ಲಸಿಕೆ ಕೊಡಿ, ಅದು ಹತ್ತಿದೆಯಾ ಅಂತ ಖಚಿತ ಮಾಡಿಕೊಳ್ಳಿ ಅಂತ. ನಮ್ಮ ಕಡೆ ಆಗೋದು ಉಲ್ಟಾ. ಕ್ರಿಯಾಟಿನಿನ್ 2 ಇದ್ದಾಗ ‘ಉಪ್ಪು ಕಡಿಮೆ ಮಾಡ್ರಿ’, 4 ಇದ್ದಾಗ ‘ಗುಳಗಿ ಬದಲ ಮಾಡೂಣು’, 8 ಆದಾಗ ಮಷೀನು. ಮಷೀನಿಗೆ ಮಲಗಿಸೋ ದಿನ ಲಸಿಕೆಯ ಮಾತು ಬರುತ್ತದೆ. ಸೋತು, ಸಾಲ ಮಾಡಿ, ಗಾಬರಿಯಾಗಿ ಕೂತಿರೋ ಆ ಹೊತ್ತಿನಲ್ಲಿ ಕೇಳಿದ ಪ್ರಶ್ನೆಗೆ ‘ಬ್ಯಾಡ’ ಬಿಟ್ಟು ಬೇರೆ ಏನು ಉತ್ತರ ಬರಬೇಕು?

ಮೂರನೇ ಪ್ರಶ್ನೆ, ‘ಸೂಜಿಯಿಂದ ಕಿಡ್ನಿ ಖರಾಬ್ ಆದ್ರ?’ ಹೆಪಟೈಟಿಸ್ ಬಿ ಲಸಿಕೆಯಲ್ಲಿ ವೈರಸ್ ಇರೋದಿಲ್ಲ. ಯೀಸ್ಟ್‌ನಲ್ಲಿ ತಯಾರಿಸಿದ ಅದರ ಹೊರಕವಚದ ಒಂದು ಪ್ರೋಟೀನ್ ಅಷ್ಟೇ ಇರುತ್ತದೆ. ಅದರಿಂದ ಕಾಯಿಲೆ ಬರಲಾರದು. ಹಾಗಿದ್ದರೂ ಈ ಭಯ ಗಾಳಿಯಲ್ಲಿ ಹುಟ್ಟಿದ್ದಲ್ಲ. ಅದಕ್ಕೆ 2021ರ ಕಥೆ ಗೊತ್ತಿರಬೇಕು.

2021ರ ಜನವರಿ 16ಕ್ಕೆ ದೇಶದಲ್ಲಿ ಕೋವಿಡ್ ಲಸಿಕೆ ಶುರುವಾಯ್ತು. ಅದಕ್ಕೂ ಎರಡು ದಿನ ಮೊದಲು ಕೇಂದ್ರ ಆರೋಗ್ಯ ಇಲಾಖೆ ರಾಜ್ಯಗಳಿಗೆ ಬರೆದ ಪತ್ರದಲ್ಲಿ ಕಿಡ್ನಿ ಸೇರಿದಂತೆ ದೀರ್ಘ ಕಾಯಿಲೆ ಇರುವವರಿಗೂ ಲಸಿಕೆ ಕೊಡಬಹುದು ಅಂತ ಇತ್ತು. ಅದೇ ತಿಂಗಳು ಬಂದ ಕೋವ್ಯಾಕ್ಸಿನ್ ಮಾಹಿತಿ ಪತ್ರದಲ್ಲಿ ರಕ್ತ ತೆಳು ಮಾಡೋ ಔಷಧಿ ತಗೊಳ್ಳೋರು, ರೋಗನಿರೋಧಕ ಶಕ್ತಿ ಕುಂದಿದವರು ತಗೋಬಾರದು ಅಂತ ಇತ್ತು. ಡಯಾಲಿಸಿಸ್ ಮಾಡುವಾಗ ರಕ್ತ ಹೆಪ್ಪುಗಟ್ಟದಿರಲಿ ಅಂತ ಹೆಪಾರಿನ್ ಕೊಡ್ತಾರೆ, ಅದು ರಕ್ತ ತೆಳು ಮಾಡೋ ಔಷಧಿಯೇ. ಕಸಿ ಆದವರು ರೋಗನಿರೋಧಕ ಶಕ್ತಿ ತಗ್ಗಿಸೋ ಗುಳಗಿ ತಗೊಳ್ತಾರೆ. ಅಂದರೆ ಒಂದು ಕಾಗದ ಬಾ ಅಂತು, ಇನ್ನೊಂದು ಬರಬೇಡ ಅಂತು. ಮಾರ್ಚ್ 1ರಿಂದ 45ರಿಂದ 59 ವಯಸ್ಸಿನ ಕಾಯಿಲೆಯವರಿಗೆ ಅವಕಾಶ ಸಿಕ್ಕಾಗ 20 ಕಾಯಿಲೆಗಳ ಪಟ್ಟಿಯಲ್ಲಿ ಡಯಾಲಿಸಿಸ್ ರೋಗಿಗಳ ಹೆಸರೇ ಇತ್ತು, ವೈದ್ಯರ ಸರ್ಟಿಫಿಕೇಟ್ ತರಬೇಕಿತ್ತು. ಆದರೆ 38 ವರ್ಷದ ಡಯಾಲಿಸಿಸ್ ರೋಗಿ ಮೇ 1ರವರೆಗೆ ಕಾಯಬೇಕಾಯ್ತು, ಆಗ ಎರಡನೇ ಅಲೆ ತಲೆ ಮೇಲೆ ಬಂದಿತ್ತು.

ಆಮೇಲೆ 2024ರ ಏಪ್ರಿಲ್‌ನಲ್ಲಿ, ಆಸ್ಟ್ರಾಜೆನೆಕಾ ಕಂಪನಿ ತನ್ನ ಕೋವಿಡ್ ಲಸಿಕೆಯಿಂದ ಅತಿ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು ಅಂತ ಬ್ರಿಟನ್ನಿನ ಕೋರ್ಟಿನಲ್ಲಿ ಒಪ್ಪಿಕೊಂಡ ಸುದ್ದಿ ಬಂತು. ನಮ್ಮಲ್ಲಿ ಕೊಟ್ಟ ಕೋವಿಶೀಲ್ಡ್ ಅದೇ ಲಸಿಕೆ. ವಾಟ್ಸಾಪಿನಲ್ಲಿ ‘ಅತಿ ಅಪರೂಪಕ್ಕೆ’ ಅನ್ನೋ ಎರಡು ಪದ ಬಿದ್ದು ಹೋದವು, ಉಳಿದದ್ದು ಮಾತ್ರ ಓಣಿ ಓಣಿಗೆ ಮುಟ್ಟಿತು. ಕೋವಿಡ್ ಲಸಿಕೆ ನಂತರ ಕೆಲವರಲ್ಲಿ ಹಳೆಯ ಕಿಡ್ನಿ ಉರಿಯೂತ ಮರುಕಳಿಸಿದ ಅಪರೂಪದ ಪ್ರಕರಣಗಳನ್ನು ವೈದ್ಯರೂ ದಾಖಲಿಸಿದ್ದಾರೆ. ಇವನ್ನು ಇಲ್ಲ ಅನ್ನೋದು ಬೇಡ. ಇದೆ, ಅಪರೂಪ, ಕೋವಿಡ್ ಸೋಂಕಿನಿಂದ ಕಿಡ್ನಿ ರೋಗಿಗಿದ್ದ ಅಪಾಯದ ಮುಂದೆ ಬಹಳ ಚಿಕ್ಕದು ಅಂತ ಬಿಡಿಸಿ ಹೇಳಬೇಕು. ಎಲ್ಲ ಲಸಿಕೆಯೂ ಒಂದೇ ಅಲ್ಲ ಅಂತಲೂ ಹೇಳಬೇಕು. ಕಸಿ ಆದವರಿಗೆ ಜೀವಂತ ವೈರಸ್ ಇರೋ ಲಸಿಕೆಗಳನ್ನು ಕೊಡಬಾರದು ಅನ್ನೋ ನಿಯಮ ನಿಜವಾಗಿಯೂ ಇದೆ. ಅಂದರೆ ರೋಗಿಯ ಅನುಮಾನಕ್ಕೆ ಬುಡ ಇದೆ. ಯಾವ ಲಸಿಕೆಗೆ ಅನ್ವಯಿಸುತ್ತದೆ, ಯಾವುದಕ್ಕೆ ಇಲ್ಲ ಅನ್ನೋದು ಮಾತ್ರ ಯಾರೂ ಬಿಡಿಸಿಲ್ಲ.

ಇನ್ನು ನಾಲ್ಕನೇ ಉತ್ತರ. ‘ಡಾಕ್ಟರ್ ಏನೂ ಹೇಳಿಲ್ಲ.’ ಯಾವ ಡಾಕ್ಟರ್ ಹೇಳಬೇಕಿತ್ತು? ಶುಗರ್ ನೋಡೋರು ಭಾಲ್ಕಿಯಲ್ಲಿ, ಕಿಡ್ನಿ ತಜ್ಞರು ಬೀದರಿನಲ್ಲೋ ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ, ಡಯಾಲಿಸಿಸ್ ಮಾಡೋ ಟೆಕ್ನಿಷಿಯನ್ ಇನ್ನೊಂದು ಕಡೆ. ಒಬ್ಬರು ಇನ್ನೊಬ್ಬರು ಹೇಳಿರ್ತಾರೆ ಅಂದ್ಕೊಳ್ತಾರೆ. ಆಶಾ ಕಾರ್ಯಕರ್ತೆ ಮನೆಗೆ ಬರ್ತಾರೆ, ಆದರೆ ಬಸುರಿ ಮತ್ತು ಮಗುವಿನ ಲೆಕ್ಕ ಅವರ ಪುಸ್ತಕದಲ್ಲಿದೆ, ಮುತ್ಯಾನ ಲಸಿಕೆಯ ಲೆಕ್ಕ ಇಲ್ಲ. ನ್ಯುಮೊಕಾಕಲ್ ಲಸಿಕೆ 2021ರಿಂದ ದೇಶದ ಎಲ್ಲ ಕಡೆ ಕೂಸುಗಳಿಗೆ ಸರ್ಕಾರದಿಂದ ಉಚಿತ; ಅದೇ ಮನೆಯ ಕಿಡ್ನಿ ರೋಗಿ ಆ ಕಾರ್ಯಕ್ರಮದ ಹೊರಗೆ. 2016ರ ಕೇಂದ್ರ ಬಜೆಟ್ಟಿನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾದ ಮೇಲೆ ಬಡವರಿಗೆ ಸರ್ಕಾರಿ ಆಸ್ಪತ್ರೆಯಲ್ಲೇ ಉಚಿತ ಡಯಾಲಿಸಿಸ್ ಸಿಗೋ ಹಾಗಾಯ್ತು. ಇದು ದೊಡ್ಡ ಕೆಲಸ, ಎಷ್ಟೋ ಮನೆ ಉಳಿದಿವೆ. ಮಷೀನು ಉಚಿತ ಆದ ಮೇಲೆ, ಆ ಮಷೀನಿನ ಪಕ್ಕದಲ್ಲೇ ಬೇಕಾದ ಲಸಿಕೆಯನ್ನು ರೋಗಿ ಮೆಡಿಕಲ್ ಅಂಗಡಿಯಲ್ಲಿ ಹುಡುಕುವ ಹಾಗಾಗಬಾರದು ಅನ್ನೋದು ನಮ್ಮ ಮಾತು.

ಭಾಷೆಯೂ ಇದೆ. ರೋಗಿಯ ಕೈಗೆ ಸಿಗೋ ಕಾಗದವೆಲ್ಲ ಇಂಗ್ಲಿಷಿನಲ್ಲಿ. ಅದನ್ನು ಓದಿ ಹೇಳೋಕೆ ಮನೆಯವರು ಕರೆಯೋದು ನಮ್ಮಂಥ ಇಂಗ್ಲಿಷ್ ಮೀಡಿಯಂ ಹುಡುಗರನ್ನ. ನಾವು ಪದ ಓದ್ತೀವಿ, ಅರ್ಥ ಹೇಳೋಕೆ ಕನ್ನಡದಲ್ಲಿ ತಡಕಾಡ್ತೀವಿ. ನಾವು ‘ಲಸಿಕೆ’ ಅಂದ್ರೆ ಉರ್ದು ಮನೆಯಲ್ಲಿ ‘ಟೀಕಾ’ ಅನ್ನಬೇಕು, ಮರಾಠಿ ಮನೆಯಲ್ಲಿ ‘ಲಸ್’ ಅನ್ನಬೇಕು. ಔರಾದ್ ಕಡೆ ಹೋದರೆ ಒಂದೇ ಮನೆಯಲ್ಲಿ ಮೂರೂ ನಡೀತವೆ.

ಓದಿದವರು ಹೀಗೆ ಮಾಡಲ್ಲ ಅಂತ ಕೆಲವರು ಹೇಳಬಹುದು. ನಾವು ಮಾತಾಡಿಸಿದವರಲ್ಲಿ ನಿವೃತ್ತ ಮೇಷ್ಟ್ರು ಒಬ್ಬರಿದ್ದರು, ಅವರೂ ಹೇಳಿದ್ದು ಅದೇ ನಾಲ್ಕನೇ ಉತ್ತರ. ಡಿಗ್ರಿ ಇದ್ದ ಮಾತ್ರಕ್ಕೆ ಹೇಳದ ಮಾತು ಕೇಳಿಸೋದಿಲ್ಲ.

ಹಾಗಾದರೆ ಏನು ಮಾಡೋದು? ನಾವು ಎಂಜಿನಿಯರಿಂಗ್ ಹುಡುಗರು, ಏನೇ ಸಮಸ್ಯೆ ಬಂದರೂ ‘ಒಂದು ಆ್ಯಪ್ ಮಾಡೋಣ’ ಅಂತೀವಿ. ಇಲ್ಲಿ ಆ್ಯಪ್ ಬೇಡ. ತಾಯಿ ಕಾರ್ಡ್ ಇದೆಯಲ್ಲ, ಅಂಥದೊಂದು ಗಟ್ಟಿ ಕಾಗದದ ಕಾರ್ಡ್ ಸಾಕು. ಕ್ರಿಯಾಟಿನಿನ್ ಮೊದಲ ಸಲ ಹೆಚ್ಚು ಬಂದ ದಿನವೇ ಅದು ರೋಗಿಯ ಕೈ ಸೇರಬೇಕು. ಮಗುವಿನ ಲಸಿಕೆಗೆ ಜನ ಓಡಿ ಬರೋದು ಯಾಕೆ? ಕಾರ್ಡಿನಲ್ಲಿ ತಾರೀಖು ಬರೆದಿರುತ್ತದೆ, ನೆನಪಿಸೋರು ಒಬ್ಬರಿರ್ತಾರೆ, ಕೊಡೋ ಜಾಗ ಗೊತ್ತಿರುತ್ತದೆ. ಈ ಮೂರೂ ಕಿಡ್ನಿ ರೋಗಿಗೆ ಇಲ್ಲ.

ಕಾರ್ಡಿನಲ್ಲಿ ಇರಬೇಕಾದ್ದು ಇಷ್ಟು: ಇಜಿಎಫ್‌ಆರ್ ಎಷ್ಟು, ಯಾವ ದಿನ. ಹೆಪಟೈಟಿಸ್ ಬಿ ಡೋಸ್‌ಗಳ ತಾರೀಖು, ಆಮೇಲೆ ಪ್ರತಿಕಾಯ ಪರೀಕ್ಷೆಯ ಸಂಖ್ಯೆ. ಈ ವರ್ಷದ ಫ್ಲೂ ಲಸಿಕೆ. ನ್ಯುಮೋನಿಯಾ ಲಸಿಕೆ. ಫಿಸ್ಟುಲಾ ಎಡಗೈಯೋ ಬಲಗೈಯೋ. ಕಸಿ ಆಗಿದೆಯಾ. ಕೊನೆಗೆ ಒಂದು ಸಾಲು: ಹೆಪಟೈಟಿಸ್ ಬಿ ಲಸಿಕೆ ಹಾಕಿದ ಎರಡು ಮೂರು ವಾರದೊಳಗೆ ರಕ್ತ ಪರೀಕ್ಷೆ ಮಾಡಿದರೆ ಲಸಿಕೆಯಿಂದಲೇ ತಾತ್ಕಾಲಿಕ ಪಾಸಿಟಿವ್ ಬರಬಹುದು, ಗಾಬರಿ ಬೇಡ. ಈ ಒಂದು ಸಾಲು ಗೊತ್ತಿಲ್ಲದೆ ‘ಲಸಿಕೆಯಿಂದಲೇ ಕಾಮಾಲೆ ಬಂತು’ ಅನ್ನೋ ಸುದ್ದಿ ಹುಟ್ಟೋಕೆ ಎಷ್ಟು ಹೊತ್ತು?

ಈ ಕಾರ್ಡನ್ನು ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಬರೆಯೋ ಕೆಲಸವನ್ನು ನಮ್ಮ ಬಳಗ ಈ ಸೆಮಿಸ್ಟರಿನಲ್ಲಿ ಕೈಗೆತ್ತಿಕೊಳ್ಳಲಿ ಅನ್ನೋದು ನಮ್ಮ ಪ್ರಸ್ತಾಪ. ಬರೆದದ್ದನ್ನು ಕಿಡ್ನಿ ವೈದ್ಯರೊಬ್ಬರು ನೋಡಿ ಒಪ್ಪದೆ ಒಂದು ಪ್ರತಿಯೂ ಅಚ್ಚಾಗಬಾರದು. ರಾಜ್ಯೋತ್ಸವಕ್ಕೆ ನಾವು ಬಾವುಟ ಕಟ್ತೀವಿ, ಹಾಡ್ತೀವಿ, ಅದು ಇರಲಿ. ಔಷಧಿ ಚೀಟಿಯ ಮೇಲೆ ಕನ್ನಡ ಬಂದರೆ ಅದೂ ರಾಜ್ಯೋತ್ಸವವೇ.

ಅಲ್ಲಿಯವರೆಗೆ ಓದುಗರಿಗೆ ಒಂದು ಕೆಲಸ. ಮನೆಗೆ ಹೋದಾಗ ಅಲಮಾರಿಯಲ್ಲಿರೋ ರಿಪೋರ್ಟ್ ಫೈಲ್ ತೆಗೀರಿ. ಅಪ್ಪ, ಅಮ್ಮ, ಕಾಕಾ, ಆಯಿ, ಯಾರದ್ದೇ ಇರಲಿ, ಶುಗರ್ ಅಥವಾ ಬಿಪಿ ಇದ್ದರೆ ಕ್ರಿಯಾಟಿನಿನ್ ಸಾಲು ಹುಡುಕಿ ನೋಡ್ರಿ. ಹೆಚ್ಚಿದ್ದರೆ ಮುಂದಿನ ಸಲ ದವಾಖಾನಿಗೆ ಜೊತೆಗೆ ಹೋಗ್ರಿ, ಒಂದೇ ಪ್ರಶ್ನೆ ಕೇಳ್ರಿ: ‘ಡಾಕ್ಟ್ರೇ, ಇವರಿಗೆ ಯಾವ ಲಸಿಕೆ ಬೇಕು, ಯಾವಾಗ?’ ಅವರು ಹೇಳಿದ್ದನ್ನು ಅಲ್ಲೇ, ಮನೆಯವರಿಗೆ ಓದೋಕೆ ಬರೋ ಅಕ್ಷರದಲ್ಲಿ ಬರ್ಕೊಳ್ರಿ.